ಬಂದ್ ಇದ್ದ ಮೋಟರು, ನೀರೊಳಗಿದ್ದ ಇಮಾಮಸಾಬ

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಚಿಕ್ಕೋಡಿಯಲ್ಲಿ ಮೊಬೈಲ್ ಸ್ಟಾರ್ಟರ್ ಮಾರುತ್ತಿದ್ದೆ. ಅದರೊಳಗಿನ ಸಾಫ್ಟ್‌ವೇರನ್ನೂ ನಾನೇ ಬರೆಯುತ್ತಿದ್ದೆ. ಮೊಬೈಲ್ ಸ್ಟಾರ್ಟರ್ ಎಂದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕದಲ್ಲಿ ಕೂರಿಸುವ, ಒಳಗೆ ಸಿಮ್ ಕಾರ್ಡ್, ಸಣ್ಣದೊಂದು ಬ್ಯಾಟರಿ ಇರುವ ಒಂದು ಡಬ್ಬಿ. ರೈತ ಮನೆಯಲ್ಲಿ ಕೂತು ಫೋನಿನಲ್ಲಿ ಗುಂಡಿ ಒತ್ತಿದರೆ ಹೊಳೆದಂಡೆಯ ಮೋಟರು ತಿರುಗುತ್ತದೆ.

ನಾನು ಓದಿದ್ದು ಐಟಿಐ, ಎಲೆಕ್ಟ್ರಿಷಿಯನ್. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೆ. ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಒಬ್ಬ ಮಾಸ್ತರರ ಹನ್ನೊಂದು ಫ್ಯಾನುಗಳನ್ನು ರಿವೈಂಡ್ ಮಾಡಿಕೊಟ್ಟು, ಬದಲಿಗೆ ಜಾವಾ ಕಲಿಸಬೇಕು ಎಂದು ಕರಾರು ಮಾಡಿಕೊಂಡೆ. ಅವರು ಎರಡು ತಿಂಗಳಿನದು ಎಂದರು, ನಾನು ಆರು ತಿಂಗಳು ಬಿಡಲಿಲ್ಲ. ವ್ಯಾಪಾರದಲ್ಲಿಯೂ ನನ್ನದೊಂದು ಪದ್ಧತಿ ಇತ್ತು: ಗಿರಾಕಿ ಎದ್ದು ಹೊರಡುವ ಹೊತ್ತಿಗೆ ಇನ್ನೊಂದು ಸೌಲಭ್ಯ ಸೇರಿಸಿಬಿಡುವುದು. ಎದ್ದವನು ಮತ್ತೆ ಕೂಡುತ್ತಾನೆ. ಈ ಪದ್ಧತಿಯಿಂದ ನಾನು ಬೆಳೆದೆ. ಇದೇ ಪದ್ಧತಿಯಿಂದ ಒಬ್ಬ ಮನುಷ್ಯನ ಜೀವ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉಗಾರ ಬುದ್ರುಕದ ಹತ್ತಿರ ಕೃಷ್ಣಾ ಹೊಳೆಯ ದಂಡೆಗೆ ಎಂಟು ಮನೆತನದವರು ಸೇರಿ ಹಾಕಿಸಿದ ನಲವತ್ತು ಎಚ್‌ಪಿ ಮೋಟರಿತ್ತು. ನೀರು ಪಾಳಿಯ ಮೇಲೆ. ಪಾಳಿ ಯಾರದೋ ಆ ಹೊತ್ತಿನ ಮಟ್ಟಿಗೆ ಮೋಟರು ಅವರದು. ಉಳಿದ ಏಳು ಮನೆಯವರು ಅದರ ಗೊಡವೆಗೆ ಹೋಗುವುದಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಹೊಟ್ಟೆಕಿಚ್ಚು ಎಂದು ಅರ್ಥ. ಪಾಲುದಾರರಲ್ಲಿ ಹಿರಿಯರು ರಾವಸಾಹೇಬರು. ಡಬ್ಬಿ ನೋಡಿ ಅವರು, ‘ನಮ್ಮಲ್ಲಿ ಕರೆಂಟ್ ಯಾವಾಗ ಬರತೈತಿ, ಯಾವಾಗ ಹೋಗತೈತಿ, ದೇವರಿಗೇ ಗೊತ್ತು. ಇದನ್ನ ಹಿಡಕೊಂಡ ಏನ್ ಮಾಡೂಣು?’ ಎಂದು ಎದ್ದರು. ನಾನು ತಕ್ಷಣ ಹೇಳಿದೆ: ‘ಅಣ್ಣಾರ, ಕೂಡ್ರಿ. ಕರೆಂಟ್ ಇಲ್ಲದಾಗ ಗುಂಡಿ ಒತ್ತಿ ಬಿಡ್ರಿ. ಡಬ್ಬಿ ನೆನಪ ಇಟ್ಕೋತೈತಿ. ಕರೆಂಟ್ ಬಂದ ಮ್ಯಾಲ ತಾನ ಚಾಲೂ ಮಾಡತೈತಿ.’ ಅವರು ಕೂತರು. ಎಂಟೂ ಮನೆಯವರ ಫೋನಿಗೆ ಆ್ಯಪ್ ಹೋಯಿತು. ಮೋಟರ್ ಖೋಲಿಗೆ ಬೀಗ ಬಿತ್ತು. ಇನ್ನು ಅಲ್ಲಿಗೆ ಹೋಗುವ ಕೆಲಸವೇ ಇಲ್ಲವಲ್ಲ ಎಂದು ಕೀಲಿಯನ್ನು ರಾವಸಾಹೇಬರು ಕಿಸೆಗೆ ಹಾಕಿಕೊಂಡರು.

ಮುಂದಿನದು ತಿಳಿಯಬೇಕಾದರೆ ಸಾಫ್ಟ್‌ವೇರಿನ ಒಂದು ಮಾತು ಹೇಳಲೇಬೇಕು. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನಲ್ಲಿ ಹೊರಗಿನ ಪ್ರತಿಯೊಂದು ವಸ್ತುವಿಗೂ ಕಂಪ್ಯೂಟರಿನೊಳಗೆ ಒಂದು ಪ್ರತಿನಿಧಿಯನ್ನು ಮಾಡಿಡುತ್ತೇವೆ. ಅದಕ್ಕೆ ಆಬ್ಜೆಕ್ಟ್ ಎನ್ನುತ್ತಾರೆ. ಆ ವಸ್ತು ಈ ಗಳಿಗೆಯಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದು ಅದರ ಸ್ಟೇಟ್. ನಮ್ಮ ಕಡೆಯವರಿಗೆ ಇದು ಎಮ್ಮೆಯಿಂದ ಬೇಗ ತಿಳಿಯುತ್ತದೆ. ಎಮ್ಮೆ ಒಂದೇ, ಆದರೆ ಹಿಂಡುವ ಎಮ್ಮೆ, ಗಬ್ಬದ ಎಮ್ಮೆ, ಬತ್ತಿದ ಎಮ್ಮೆ, ಇವುಗಳ ಮೇವು ಬೇರೆ, ಆರೈಕೆ ಬೇರೆ. ಬತ್ತಿದ್ದು ನಡುವೆ ಕರು ಹಾಕದೆ ಒಮ್ಮೆಲೇ ಹಿಂಡುವ ಎಮ್ಮೆಯಾಗುವುದೂ ಇಲ್ಲ. ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ದಾರಿ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಬರೆದಿಡುವುದೇ ಈ ಕಸುಬಿನ ಅರ್ಧ ಭಾಗ.

ನಾನು ಮಾಡಿದ್ದೇನು? ಮೋಟರಿನ ಆಬ್ಜೆಕ್ಟಿಗೆ ‘ಚಾಲೂ’ ಎಂಬ ಒಂದೇ ಒಂದು ಬೂಲಿಯನ್ ಇಟ್ಟಿದ್ದೆ. ಬೂಲಿಯನ್ ಎಂದರೆ ಹೌದು, ಅಲ್ಲ ಎಂಬ ಎರಡೇ ಉತ್ತರ ಬಲ್ಲ ಖಾನೆ. ‘ಅಲ್ಲ’ ಎಂದಿದ್ದರೆ ಪರದೆಯ ಮೇಲೆ ‘ಬಂದ್’ ಎಂದು ಕಾಣುತ್ತಿತ್ತು. ಯಾಕೆ ಬಂದ್ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಸಾಲದ್ದಕ್ಕೆ ಆ ಖಾನೆಯನ್ನು ಎಂಟು ಫೋನುಗಳಲ್ಲಿ ಯಾರು ಬೇಕಾದರೂ ಬದಲಿಸಬಹುದಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಖೋಲಿಯ ಹೊರಗೆ ಹಾಕಿದ್ದ ಡಬ್ಬಿಯ ಆಂಟೆನಾ ನೋಡಿ ಬರಲೆಂದು ನಾನು ಆ ದಂಡೆಗೆ ಹೋಗಿದ್ದೆ. ಪಾಳಿ ಬಾಳವ್ವನದು, ಮೂರು ಗಂಟೆಯವರೆಗೆ. ಗಂಡ ತೀರಿದ ಮೇಲೆ ನಾಲ್ಕೆಕರೆ ಕಬ್ಬನ್ನು ಒಬ್ಬಳೇ ನೋಡಿಕೊಳ್ಳುವ ಹೆಣ್ಣುಮಗಳು. ಹೊಲ ದಂಡೆಗೇ ಹತ್ತಿಕೊಂಡಿದೆ. ಎರಡು ಗಂಟೆಯ ಹೊತ್ತಿಗೆ ಪೈಪಿನಲ್ಲಿ ನೀರು ಸಣ್ಣಗಾಯಿತಂತೆ. ಹೊಳೆಯ ತಳದಲ್ಲಿ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ, ಅದರ ಸುತ್ತ ಕಬ್ಬಿಣದ ಜಾಳಿಗೆ. ಪಾಚಿ, ಪ್ಲಾಸ್ಟಿಕ್ ಚೀಲ ಅದಕ್ಕೆ ಸುತ್ತಿಕೊಂಡರೆ ನೀರು ಏರುವುದಿಲ್ಲ. ಅದನ್ನು ಬಿಡಿಸಲು ಮುಳುಗುವವನು ಆ ದಂಡೆಗೆಲ್ಲ ಇಮಾಮಸಾಬ ಒಬ್ಬನೇ. ಐವತ್ತು ದಾಟಿದ ಮನುಷ್ಯ, ಒಂದು ಉಸಿರಿಗೆ ಒಂದೂವರೆ ನಿಮಿಷ ಕೆಳಗಿರುತ್ತಾನೆ. ಬಾಳವ್ವ ಫೋನಿನಲ್ಲಿ ಮೋಟರ್ ಬಂದ್ ಮಾಡಿ ಅವನನ್ನು ಕರೆಸಿದ್ದಳು.

ನಾನು ಹೋದಾಗ ಅವನು ಕುಡಗೋಲು ಹಿಡಿದು, ಕೈಗೆ ಟವೆಲ್ ಸುತ್ತಿಕೊಂಡು ಮುಳುಗುವುದು, ಏಳುವುದು ನಡೆದಿತ್ತು. ಒಂದು ಸಲ ಎದ್ದು, ‘ಅಕ್ಕಾ, ಯಾರದೋ ಸೀರಿ ಸುತ್ತೈತಿ ಇಲ್ಲಿ,’ ಎಂದ.

‘ಬಣ್ಣ ಚಲೋ ಇದ್ರ ಮ್ಯಾಲ ತಗೊಂಡ ಬಾ,’ ಎಂದಳು ಬಾಳವ್ವ.

ಇಷ್ಟರಲ್ಲಿ ಕರೆಂಟ್ ಹೋಗಿತ್ತು. ನಾವದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೋಟರು ಬಂದ್ ಇತ್ತಲ್ಲ.

ಮೂರು ಹೊಡೆಯಿತು. ಪಾಳಿ ರಾವಸಾಹೇಬರಿಗೆ ಹೋಯಿತು. ಅವರು ಅಥಣಿಯಲ್ಲಿ ಒಂದು ಮದುವೆಯಲ್ಲಿದ್ದರು. ಊಟದ ಪಂಕ್ತಿಯಲ್ಲಿ ಕೂತೇ ಫೋನ್ ತೆಗೆದು ನೋಡಿದ್ದಾರೆ: ಬಂದ್. ಬಾಳವ್ವ ಲಗೂನೆ ಮುಗಿಸಿದ್ದಾಳೆ ಎಂದುಕೊಂಡು ‘ಚಾಲೂ’ ಒತ್ತಿದ್ದಾರೆ. ತಪ್ಪೇನಿಲ್ಲ, ಪಾಳಿ ಅವರದು. ಡಬ್ಬಿ ಆ ಆದೇಶವನ್ನು ನೆನಪಿಟ್ಟುಕೊಂಡಿತು, ನಾನು ಹೇಳಿಕೊಟ್ಟಂತೆ.

ಹತ್ತು ನಿಮಿಷದ ಮೇಲೆ ಖೋಲಿಯ ಕಿಟಕಿಯಲ್ಲಿ ಮೂರು ಫೇಸಿನ ದೀಪ ಹತ್ತಿದವು. ‘ಕರೆಂಟ್ ಬಂತ್ ನೋಡ ತಮ್ಮಾ,’ ಎಂದಳು ಬಾಳವ್ವ. ಇಮಾಮಸಾಬ ಆಗಷ್ಟೇ ಉಸಿರು ತುಂಬಿಕೊಂಡು ಮುಳುಗಿದ್ದ. ಅದೇ ಹೊತ್ತಿಗೆ ಖೋಲಿಯೊಳಗಿನಿಂದ ‘ಟಕ್’ ಎಂದು ಒಂದು ಸಣ್ಣ ಸಪ್ಪಳ ಬಂತು.

ಆ ಸಪ್ಪಳ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದು ಟೈಮರ್ ರಿಲೇ. ಕರೆಂಟ್ ಬಂದ ಹೊಸದಕ್ಕೆ ವೋಲ್ಟೇಜ್ ಕುಣಿಯುತ್ತದೆ. ಅದು ನಿಲ್ಲಲಿ ಎಂದು ನಾನೇ ಅರವತ್ತು ಸೆಕೆಂಡಿನ ತಡ ಇಟ್ಟಿದ್ದೆ. ‘ಚಾಲೂ’ ಖಾನೆಯಲ್ಲಿ ‘ಹೌದು’ ಇದ್ದರೆ ಮಾತ್ರ ಆ ರಿಲೇ ಎಣಿಕೆ ಶುರು ಮಾಡುತ್ತದೆ.

ಪರೀಕ್ಷೆಗೆಂದು ಆ್ಯಪ್ ನನ್ನ ಫೋನಿನಲ್ಲೂ ಇತ್ತು. ಫೋನ್ ತೆಗೆದು ‘ಬಂದ್’ ಒತ್ತಿದೆ. ದಂಡೆಯ ತಗ್ಗಿನಲ್ಲಿ ನೆಟ್‌ವರ್ಕ್ ಒಂದೇ ಗೆರೆ. ‘ಕಳುಹಿಸಲಾಗುತ್ತಿದೆ’ ಎಂಬ ಮಾತು ಪರದೆಯ ಮೇಲೆ ಗಿರಕಿ ಹೊಡೆಯತೊಡಗಿತು. ಆ ಮಾತನ್ನು ಬರೆದವನೂ ನಾನೇ. ಖೋಲಿಗೆ ಓಡಿದೆ. ಬೀಗ. ಕಾಲಿಂದ ಒದ್ದೆ, ಕಬ್ಬಿಣದ ಬಾಗಿಲು ಅಲುಗಲಿಲ್ಲ. ‘ಅಕ್ಕಾ, ಮೋಟರ್ ಚಾಲೂ ಆಗತೈತಿ! ಇಮಾಮನ್ನ ಎಬ್ಬಸ್ರಿ!’ ಎಂದು ಚೀರಿದೆ.

ನೀರಿನ ಕೆಳಗಿದ್ದವನನ್ನು ಕೂಗಿ ಎಬ್ಬಿಸಲಾದೀತೆ? ನಾನಂತೂ ಚೀರುತ್ತಲೇ ಇದ್ದೆ. ಬಾಳವ್ವ ಚೀರಲಿಲ್ಲ. ಕಾಲಡಿಯ ದಪ್ಪ ಕಲ್ಲೊಂದನ್ನು ಎತ್ತಿಕೊಂಡು, ಖೋಲಿಯಿಂದ ಹೊಳೆಗೆ ಇಳಿಯುವ ಕಬ್ಬಿಣದ ಪೈಪಿನ ಮೇಲೆ ಕುಕ್ಕತೊಡಗಿದಳು. ಠಣ್, ಠಣ್, ಠಣ್. ಆ ಪೈಪಿನ ಇನ್ನೊಂದು ತುದಿಯಲ್ಲಿ ಇಮಾಮಸಾಬನ ಕೈ ಇತ್ತು.

ಖೋಲಿಯೊಳಗೆ ಮೋಟರು ಗುಂಯ್ ಎಂದು ಎದ್ದಿತು.

ಹೊಳೆಯ ಮೇಲೆ ಏನೂ ಇಲ್ಲ. ಬಾಳವ್ವ ಕುಕ್ಕುವುದನ್ನು ನಿಲ್ಲಿಸಲಿಲ್ಲ. ನಲವತ್ತು ಎಚ್‌ಪಿ ಎಳೆತದ ಎದುರು ಜಾಳಿಗೆಗೆ ಅಂಗೈ ಸಿಕ್ಕರೆ ಬಿಡಿಸಿಕೊಳ್ಳುವುದು ಮನುಷ್ಯನಿಂದ ಆಗದ ಮಾತು. ಎಷ್ಟು ಹೊತ್ತೋ ತಿಳಿಯದು. ನಾನು ಅಂಗಿ ಬಿಚ್ಚುತ್ತಿದ್ದೆ, ಈಜು ಬರುವುದಿಲ್ಲ ಎಂಬುದೂ ನೆನಪಿರಲಿಲ್ಲ. ಆಗ ಹತ್ತು ಮಾರು ಕೆಳಗೆ, ಸೆಳವಿನ ದಿಕ್ಕಿನಲ್ಲಿ, ಅವನ ತಲೆ ಮೇಲೆದ್ದಿತು.

ದಂಡೆಗೆ ಬಂದು ಕೂತ. ಕೈಗೆ ಸುತ್ತಿದ್ದ ಟವೆಲ್ ಇರಲಿಲ್ಲ. ಮುಂಗೈ ತನಕ ಚರ್ಮ ತರಚಿ ಕೆಂಪಾಗಿತ್ತು. ಪೈಪು ನಡುಗಿದ್ದು ಅಂಗೈಗೆ ತಿಳಿದು ಕೈ ಎಳೆದುಕೊಂಡನಂತೆ. ಎಳೆದುಕೊಳ್ಳುವಷ್ಟರಲ್ಲಿ ಟವೆಲ್ಲನ್ನು ಜಾಳಿಗೆ ಕಸಿದುಕೊಂಡಿತ್ತು. ಬಹಳ ಹೊತ್ತು ಕೆಮ್ಮಿ, ಆಮೇಲೆ ನನ್ನ ಕಡೆ ನೋಡಿದ.

‘ಯಾರ್ರಿ ಚಾಲೂ ಮಾಡಿದವರು?’

‘ರಾವಸಾಹೇಬರು. ಅಥಣಿಯಿಂದ,’ ಎಂದೆ. ಅವನು ಕೆಮ್ಮುತ್ತಿದ್ದಾಗ ದಂಡೆ ಏರಿ ಅವರಿಗೆ ಫೋನ್ ಹಚ್ಚಿ ಮೋಟರ್ ಬಂದ್ ಮಾಡಿಸಿದ್ದೆ.

‘ಅಥಣಿಯಿಂದ!’ ಎಂದ. ‘ಇಲ್ಲಿ ನೀರಾಗ ಒಬ್ಬಾಂವ ಅದಾನ ಅನ್ನೂದು ಅಥಣಿಗೆ ಹೆಂಗ ತಿಳೀಬೇಕ್ರಿ ಸರ?’

ಅದಕ್ಕೆ ನಾನು ಕೊಟ್ಟ ಉತ್ತರ ಈಗಲೂ ನಾಚಿಕೆ ತರುತ್ತದೆ. ‘ಆ್ಯಪಿನ್ಯಾಗ ಬಂದ್ ಅಂತನ ಇತ್ತು, ಇಮಾಮಭಾಯಿ,’ ಎಂದೆ.

ಅವನು ಸಿಟ್ಟಾಗಲಿಲ್ಲ. ‘ಮೊದಲ ನಾ ನೀರಿಗಿಳಿಯೂ ಮುಂದ ಖೋಲಿಗೆ ಹೋಗಿ ಮೂರೂ ಫ್ಯೂಜ್ ಕಿತ್ತ ಸೊಂಟದ ಚೀಲದಾಗ ಹಾಕ್ಕೋತಿದ್ದೆ. ನಮ್ಮಪ್ಪನೂ ಹಂಗ ಮಾಡ್ತಿದ್ದ. ನಾ ಮ್ಯಾಲ ಬರೂತನಕ ಯಾವ ಸಾವಕಾರಂದೂ ಮೋಟರ್ ತಿರಗಂಗಿಲ್ಲ. ನಿಮ್ಮ ಡಬ್ಬಿ ಬಂತು, ಖೋಲಿಗೆ ಕೀಲಿ ಬಿತ್ತು. ಬಂದ್ ಐತಿ ಅಂದ್ರು, ಇಳದೆ,’ ಎಂದ. ಎದ್ದು ನಿಂತು, ‘ಇನ್ನ ಇಲ್ಲಿ ನಾ ಇಳಿಯೂದಿಲ್ಲರಿ. ಆ್ಯಪಿಗೇ ಹೇಳ್ರಿ ಇಳಿ ಅಂತ,’ ಎಂದು ಹೊರಟುಹೋದ.

ಅವನು ಇಳಿಯದಿದ್ದರೆ ಎಂಟು ಮನೆಯ ಕಬ್ಬಿಗೆ ನೀರಿಲ್ಲ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆ. ಇಂಥದೇ ಡಬ್ಬಿ ರಾಯಬಾಗ, ಕಾಗವಾಡ, ಏಕಸಂಬಿ ಕಡೆಯೂ ಹೋಗಿದ್ದವು. ಎಲ್ಲ ಗಿರಾಕಿಗಳಿಗೂ ಅಂದೇ ಫೋನ್ ಮಾಡಿ, ದುರಸ್ತಿಗೆ ಇಳಿಯುವ ಮುಂಚೆ ಖೋಲಿ ತೆರೆದು ಫ್ಯೂಜ್ ಕೀಳಿರಿ, ನನ್ನ ಪರದೆಯನ್ನು ನಂಬಬೇಡಿ ಎಂದು ಹೇಳಿದೆ. ಮಾರಿದ ಸಾಮಾನನ್ನು ನಂಬಬೇಡಿ ಎಂದು ಮಾರಿದವನೇ ಹೇಳುವುದು ಎಷ್ಟು ಕಷ್ಟ ಎಂದು ಆ ದಿನ ತಿಳಿಯಿತು.

ಮರುದಿನ ಕೋಡು ತಿದ್ದಲು ಕೂತೆ. ಅವಸರದಲ್ಲಿ ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ: ‘ಚಾಲೂ’ ಪಕ್ಕದಲ್ಲಿ ‘ದುರಸ್ತಿ’ ಎಂಬ ಇನ್ನೊಂದು ಬೂಲಿಯನ್ ಸೇರಿಸಿದೆ. ದುರಸ್ತಿ ‘ಹೌದು’ ಇದ್ದರೆ ಮೋಟರ್ ಎಬ್ಬಿಸಬೇಡ ಎಂದು ಬರೆದೆ. ಅಂಗಡಿಯ ಮೇಜಿನ ಮೇಲೆ ಮೋಟರಿನ ಬದಲು ಒಂದು ಬಲ್ಬ್ ಹಚ್ಚಿ ಪರೀಕ್ಷೆ ಮಾಡಿದೆ. ದುರಸ್ತಿ ಹಾಕಿದೆ, ಚಾಲೂ ಒತ್ತಿದೆ, ಬಲ್ಬ್ ಹತ್ತಲಿಲ್ಲ. ಸರಿಯಾಯಿತು ಎಂದು ದುರಸ್ತಿ ತೆಗೆದೆ. ತೆಗೆದ ಕ್ಷಣವೇ ಬಲ್ಬ್ ಹತ್ತಿಕೊಂಡಿತು! ಒಳಗೆ ‘ಚಾಲೂ’ ಎಂಬುದು ‘ಹೌದು’ ಆಗಿಯೇ ಕೂತಿತ್ತು, ಅಡ್ಡ ತೆಗೆಯುವುದನ್ನೇ ಕಾಯುತ್ತ. ಇಮಾಮಸಾಬ ಸೊಂಟಮಟ ನೀರಲ್ಲಿ ನಿಂತು ‘ಮುಗೀತು’ ಎಂದು ಹೇಳುವಷ್ಟರಲ್ಲಿ ಮೋಟರು ಏಳುತ್ತಿತ್ತು. ಎರಡು ಬೂಲಿಯನ್ ಸೇರಿದರೆ ನಾಲ್ಕು ಜೋಡಿ, ಮೂರು ಸೇರಿದರೆ ಎಂಟು. ಅದರಲ್ಲಿ ಅರ್ಧ ಜೋಡಿಗಳಿಗೆ ಅರ್ಥವೇ ಇರುವುದಿಲ್ಲ, ಆದರೆ ಮೆಷಿನು ಅವುಗಳನ್ನೂ ಪಾಲಿಸುತ್ತದೆ.

ಎಲ್ಲ ಅಳಿಸಿದೆ. ಮೋಟರಿಗೆ ಐದು ಸ್ಥಿತಿ ಇಟ್ಟೆ: ನಿಂತಿದೆ, ಕರೆಂಟ್ ಕಾಯುತ್ತಿದೆ, ಓಡುತ್ತಿದೆ, ಕೆಟ್ಟು ನಿಂತಿದೆ, ನೀರೊಳಗೆ ಮನುಷ್ಯ ಇದ್ದಾನೆ. ಒಂದು ಹೊತ್ತಿಗೆ ಐದರಲ್ಲಿ ಒಂದೇ. ಕಡೆಯ ಸ್ಥಿತಿಗೆ ಬಂದ ಕೂಡಲೇ ಹಿಂದಿನ ಆದೇಶಗಳೆಲ್ಲ ಅಳಿಯಬೇಕು. ಅಲ್ಲಿಂದ ಹೊರಗೆ ದಾರಿ ಒಂದೇ, ‘ನಿಂತಿದೆ’ ಎಂಬುದಕ್ಕೆ. ಸ್ಥಿತಿಯ ಖಾನೆಯನ್ನು ಹೊರಗಿನ ಯಾರೂ ನೇರವಾಗಿ ಮುಟ್ಟುವಂತಿಲ್ಲ. ಗುಂಡಿ ಒತ್ತುವವರು ಕೇಳಬಹುದು, ಆಗುತ್ತದೋ ಇಲ್ಲವೋ ಎಂದು ಮೋಟರಿನ ಆಬ್ಜೆಕ್ಟೇ ತೀರ್ಮಾನಿಸುತ್ತದೆ. ಇನ್ನು ‘ನೀರೊಳಗೆ ಮನುಷ್ಯ’ ಎಂಬ ಸ್ಥಿತಿಯನ್ನು ಹಾಕುವುದು ಇಮಾಮಸಾಬನ ಫೋನಿನ ಮಿಸ್ಡ್ ಕಾಲ್, ತೆಗೆಯುವುದೂ ಅದೇ ಫೋನಿನ ಮಿಸ್ಡ್ ಕಾಲ್. ಫ್ಯೂಜ್ ಕಿತ್ತವನ ಸೊಂಟದಲ್ಲೇ ಫ್ಯೂಜ್ ಇರಬೇಕು ಎಂಬ ಅವನಪ್ಪನ ಕಾನೂನನ್ನು ನಾನು ಜಾವಾದಲ್ಲಿ ಬರೆದೆ, ಅಷ್ಟೇ.

ಪಾಲುದಾರರ ಸಭೆ ರಾವಸಾಹೇಬರ ಕಟ್ಟೆಯ ಮೇಲೆ ಕೂಡಿತು. ಎಲ್ಲ ಕೇಳಿ ಅವರು ನಕ್ಕರು. ‘ಹಂಗಾರ ಮಿಸ್ತ್ರಿ, ಮೋಟರ್ ನಮ್ಮದು, ಪಾಳಿ ನಮ್ಮದು, ಹುಕುಂ ಇಮಾಮಂದು?’

‘ಅಂವ ನೀರಾಗ ಇರೂತನಕ ಹೌದ್ರಿ.’

‘ಅಡ್ಡಿ ಇಲ್ಲ. ಪರದೆ ಮ್ಯಾಲ ಕೆಂಪ ಅಕ್ಷರದಾಗ ಸೂಚನಾ ಬರಲಿ. ನಾವೇನ್ ಕುರುಡರಲ್ಲ. ಆದ್ರ ಗುಂಡಿ ಇರಲಿ. ಇಲ್ಲಾ, ನನ್ನ ಒಬ್ಬನ ಫೋನಿಗಷ್ಟ ಮಾಸ್ಟರ್ ಗುಂಡಿ ಕೊಡು, ಏನ ಇದ್ರೂ ಚಾಲೂ ಆಗೂ ಹಂಗ. ದಂಡಿ ಮ್ಯಾಲಿನ ಉಳಿದ ಮೋಟರಿನವರಿಗೆಲ್ಲಾ ನಿನ್ನ ಡಬ್ಬೀನ ಹಾಕಸ್ತೀನಿ.’

ಇದು ನನ್ನ ಆಟ. ಇಷ್ಟು ವರ್ಷ ಗಿರಾಕಿಗೆ ನಾನು ಹಾಕುತ್ತಿದ್ದ ಗಾಳವನ್ನು ಅವರು ನನಗೆ ಹಾಕಿದ್ದರು. ಒಂದೇ ಒಂದು ಮಾಸ್ಟರ್, ಎರಡು ಸಾಲಿನ ಕೋಡು. ಬಾಯಿಗೆ ಬಂದಿದ್ದ ‘ಆತ್ರಿ’ಯನ್ನು ನುಂಗಿಕೊಂಡೆ. ‘ಕೊಡಂಗಿಲ್ಲರಿ ಅಣ್ಣಾರ,’ ಎಂದೆ. ‘ಬ್ಯಾಡ ಅಂದ್ರ ಡಬ್ಬಿ ಬಿಚ್ಚಿ ಒಯ್ತೀನಿ.’

ಕಟ್ಟೆಯ ಅಂಚಿಗೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಇಮಾಮಸಾಬ ಬಾಯಿ ತೆರೆದ: ‘ಸಾಹೇಬ್ರ, ಒಂದ ಸಲ ನೀವ ಕೆಳಗ ಹೋಗಿ ಜಾಳಗಿ ಮುಟ್ಟಿ ಬರ್ರಿ. ಆಮ್ಯಾಲ ಮಾಸ್ಟರ್ ನೀವ ಇಟ್ಕೋರಿ.’ ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರಾವಸಾಹೇಬರು ನಗಲಿಲ್ಲ, ಆದರೆ ಡಬ್ಬಿ ಬಿಚ್ಚು ಎಂದೂ ಹೇಳಲಿಲ್ಲ. ಮರುವಾರ ಇಮಾಮಸಾಬ ಮಿಸ್ಡ್ ಕಾಲ್ ಕೊಟ್ಟು, ಬಾಳವ್ವನ ಕೈಯಿಂದ ನಾಲ್ಕು ಸಲ ‘ಚಾಲೂ’ ಒತ್ತಿಸಿ, ಮೋಟರು ಏಳದಿದ್ದುದನ್ನು ಕಣ್ಣಾರೆ ನೋಡಿ, ಅದರ ಮೇಲೆ ಖೋಲಿಯ ಎರಡನೆಯ ಕೀಲಿಯನ್ನು ಕೇಳಿ ಪಡೆದು ಫ್ಯೂಜನ್ನೂ ಕಿತ್ತು ಚೀಲಕ್ಕೆ ಹಾಕಿಕೊಂಡೇ ನೀರಿಗಿಳಿದ. ನಾನು ಬೇಡ ಎನ್ನಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಜಾಣನೆನಿಸಿಕೊಳ್ಳುತ್ತಿದ್ದೆ. ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ರಾಯಬಾಗದಲ್ಲಿದ್ದಾಗ ರಾವಸಾಹೇಬರ ಫೋನ್ ಬಂತು.

‘ಮಿಸ್ತ್ರಿ, ನನ್ನ ಪಾಳಿ ಶುರುವಾಗಿ ಅರ್ಧ ತಾಸ ಆತು. ಇಮಾಮ ನೀರಾಗ ಅದಾನ ಅಂತ ತೋರಸಾಕತ್ತೈತಿ. ಮುಂಜಾನೆ ಹತ್ತಕ್ಕ ಇಳದಾಂವ ಇನ್ನಾ ಅಲ್ಲೇ ಅದಾನೇನು? ಮೀನ ಆಗ್ಯಾನೇನು?’

ಇಮಾಮಸಾಬನ ಫೋನ್ ಸ್ವಿಚ್ ಆಫ್. ರಾವಸಾಹೇಬರು ಖೋಲಿ ತೆಗೆಸಿ ನೋಡಿದರೆ ಫ್ಯೂಜ್ ಮೂರೂ ಜಾಗದಲ್ಲೇ ಇದ್ದವಂತೆ. ಕೆಲಸ ಮುಗಿಸಿ ಹಾಕಿದ್ದಾನೋ, ಇಂದು ಕೀಳುವುದನ್ನೇ ಬಿಟ್ಟಿದ್ದಾನೋ, ಯಾರಿಗೆ ಗೊತ್ತು? ಬಾಳವ್ವನಿಗೆ ಫೋನ್ ಮಾಡಿ, ದಂಡೆಗೆ ಹೋಗಿ ನೋಡಿರಿ ಎಂದೆ. ಹೋಗಿ ಹೇಳಿದಳು: ‘ದಂಡಿ ಮ್ಯಾಲ ಯಾರೂ ಇಲ್ಲ ತಮ್ಮಾ. ಆದ್ರ ನೀರಾಗ ಇದ್ದಾಂವ ದಂಡಿ ಮ್ಯಾಲ ಕಾಣತಾನೇನು?’

ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಆ್ಯಪಿನಲ್ಲಿ ಯಾರಿಗೂ ಮಾಸ್ಟರ್ ಕೊಟ್ಟಿರಲಿಲ್ಲ, ನಿಜ. ಆದರೆ ಸರ್ವರ್ ನನ್ನದೇ. ಡೇಟಾಬೇಸ್ ತೆರೆದು ಒಂದು ಸಾಲು ಬದಲಿಸಿದರೆ ಮೋಟರು ‘ನಿಂತಿದೆ’ ಆಗುತ್ತಿತ್ತು. ಅರ್ಧ ನಿಮಿಷದ ಕೆಲಸ. ಎಲ್ಲೋ ಮರೆತು ಮನೆಗೆ ಹೋಗಿದ್ದಾನೆ ಎಂದು ತೊಂಬತ್ತೊಂಬತ್ತು ಪಾಲು ನನಗೂ ಅನಿಸುತ್ತಿತ್ತು. ರಾವಸಾಹೇಬರು ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ ಬೈದರು. ಲ್ಯಾಪ್‌ಟಾಪ್ ತೆಗೆದೆ, ಪಾಸ್‌ವರ್ಡ್ ಹಾಕಿದೆ, ಆ ಸಾಲಿನ ಮುಂದೆ ಕೂತೆ. ಕೂತೇ ಇದ್ದೆ.

ಸಂಜೆ ಐದೂವರೆಗೆ ಇಮಾಮಸಾಬನ ಫೋನ್ ಬಂತು, ಮಿರಜದಿಂದ. ಮೊಮ್ಮಗಳಿಗೆ ಜ್ವರ ಏರಿತೆಂದು ನೀರಿನಿಂದ ಎದ್ದವನೇ ಬಸ್ ಹತ್ತಿದ್ದ. ಫೋನಿನ ಬ್ಯಾಟರಿ ಸತ್ತಿತ್ತು. ‘ತಪ್ಪಾತ್ರಿ ಸರ,’ ಎಂದು ಅಲ್ಲಿಂದಲೇ ಮಿಸ್ಡ್ ಕಾಲ್ ಕೊಟ್ಟ. ಅಷ್ಟರಲ್ಲಿ ಆ ದಿನದ ಕರೆಂಟ್ ಮುಗಿದಿತ್ತು. ರಾವಸಾಹೇಬರ ಪಾಳಿ ಪೂರಾ ಹೋಯಿತು.

ಅವರೇ ಮತ್ತೆ ಫೋನ್ ಮಾಡಿದರು. ದನಿಯಲ್ಲಿ ಬೈಗುಳ ಇರಲಿಲ್ಲ. ‘ಅಂವ ಮಿರಜದಾಗ ಇದ್ದ.’

‘ಹೌದ್ರಿ.’

‘ನೀ ಕೂತಲ್ಲಿಂದ ತೆಗೀಬಹುದಿತ್ತು. ಖರೇ ಹೇಳು.’

‘ತೆಗೀಬಹುದಿತ್ರಿ.’

‘ಯಾಕ ತೆಗೀಲಿಲ್ಲ?’

‘ಅಂವ ಎಲ್ಲಿ ಅದಾನಂತ ನನಗ ಗೊತ್ತಿರಲಿಲ್ಲ, ಅಣ್ಣಾರ.’

‘ನನಗೂ ಗೊತ್ತಿರಲಿಲ್ಲ,’ ಎಂದರು. ‘ಇರಲಿ ಬಿಡು. ಕಬ್ಬ ಒಂದಿನ ತಡಕೋತೈತಿ.’

ಈ ಕಸುಬಿಗೆ ಬರುವವರಿಗೆ ನನ್ನ ಮಾತು ಇಷ್ಟೇ. ಆಬ್ಜೆಕ್ಟಿನ ಸ್ಟೇಟ್ ಎಂದು ನಾವು ಬರೆದಿಡುವುದು ಆ ವಸ್ತುವಿನ ಬಗ್ಗೆ ನಮಗೆ ಮುಟ್ಟಿದ ಕಡೆಯ ಸುದ್ದಿ. ಸುದ್ದಿ ಹಳಸುತ್ತದೆ, ಎಷ್ಟು ಚೆನ್ನಾಗಿ ಬರೆದರೂ ಒಂದು ದಿನ ಅದು ಸುಳ್ಳಾಗುತ್ತದೆ. ಸುಳ್ಳಾದಾಗ ಯಾರಿಗೆ ಏನು ನಷ್ಟವಾಗಬೇಕು ಎಂಬುದನ್ನು ಕೋಡು ಬರೆಯುವ ಮುಂಚೆಯೇ ಗಿರಾಕಿಯ ಎದುರು ಕೂತು ಚೌಕಾಶಿ ಮಾಡಿ ಮುಗಿಸಿಕೊಳ್ಳಿ. ಮೋಟರು ಏಳುವ ಹೊತ್ತಿನಲ್ಲಿ ಚೌಕಾಶಿಗೆ ಸಮಯವಿರುವುದಿಲ್ಲ. ರಾಯಬಾಗದಿಂದ ಬಂದ ಮರುದಿನ ನಾನು ಮೊದಲು ಮಾಡಿದ ಕೆಲಸ, ಡೇಟಾಬೇಸಿನ ಆ ಸಾಲನ್ನು ನನ್ನ ಪಾಸ್‌ವರ್ಡಿನಿಂದಲೂ ಬದಲಿಸಲಾಗದಂತೆ ಕಟ್ಟಿಹಾಕಿದ್ದು. ಆ ಮಧ್ಯಾಹ್ನ ಬೆರಳು ಗುಂಡಿಗೆ ಎಷ್ಟು ಹತ್ತಿರ ಹೋಗಿತ್ತೆಂಬುದು ನನಗೊಬ್ಬನಿಗೇ ಗೊತ್ತು.